ಶಾಲೆಯೊಳಗೆ ಯಾರಿದ್ದಾರೆ? ಕಾಸರಗೋಡಿನ ಮೂರು ಕಥನಗಳ ಓದು

1

ಕಾಸರಗೋಡಿನ ಕನ್ನಡ ಶಾಲೆಗಳ ಕುರಿತ ನಮ್ಮ ಬರವಣಿಗೆ ಬಹುಮಟ್ಟಿಗೆ 1956ರ ನವೆಂಬರ್ 1ರಿಂದ ಆರಂಭವಾಗುತ್ತದೆ. ಅಂದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಉತ್ತರದ ಪ್ರದೇಶವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತು. ಆ ಶಿಫಾರಸು ಜಾರಿಗೆ ಬರಲಿಲ್ಲ. ಈ ಎರಡು ಇಸವಿಗಳ ನೆನಪಿನಲ್ಲಿ ರೂಪುಗೊಂಡ ಕಥನದಲ್ಲಿ ಶಾಲೆಯು ಭಾಷೆಯ ಕಾವಲುಮನೆ. ಎಷ್ಟು ಡಿವಿಷನ್ ಉಳಿದಿದೆ, ಎಷ್ಟು ಶಿಕ್ಷಕರ ಹುದ್ದೆ ಹೋಯಿತು, ಕನ್ನಡ ಅರಿಯದವರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸಲಾಯಿತೇ ಎಂಬ ಪ್ರಶ್ನೆಗಳು ನಮ್ಮ ಸಭೆಗಳಲ್ಲಿ, ಮನವಿಪತ್ರಗಳಲ್ಲಿ, ವಿಚಾರಸಂಕಿರಣಗಳಲ್ಲಿ ಮರುಕಳಿಸುತ್ತವೆ. ಇವು ನ್ಯಾಯವಾದ ಪ್ರಶ್ನೆಗಳೇ. ಆದರೆ ಈ ಪ್ರಶ್ನೆಗಳ ವ್ಯಾಕರಣದಲ್ಲಿ ಕರ್ತೃಸ್ಥಾನದಲ್ಲಿರುವುದು ಭಾಷೆ. ಮಗುವು ಬಹುತೇಕ ಸಂಖ್ಯೆಯಾಗಿ ಬರುತ್ತದೆ, ಹುದ್ದೆಯನ್ನು ಉಳಿಸುವ ಅಥವಾ ಕಳೆಯುವ ಸಂಖ್ಯೆಯಾಗಿ.

ಈ ಲೇಖನವನ್ನು ಬರೆಯುತ್ತಿರುವುದು ಬೋವಿಕಾನದಲ್ಲಿ ಕುಳಿತು. ಚೆರ್ಕಳದಿಂದ ಜಾಲ್ಸೂರಿಗೆ ಹೋಗುವ ರಸ್ತೆಯಲ್ಲಿ, ಮುಳ್ಳೇರಿಯವನ್ನು ಮುಟ್ಟುವ ಮೊದಲು ಸಿಗುವ ಪೇಟೆ ಇದು. ಮುಳಿಯಾರು ಗ್ರಾಮ ಪಂಚಾಯತಿಗೆ ಸೇರಿದೆ. ಇಲ್ಲಿನ ಬಸ್ ತಂಗುದಾಣದಲ್ಲಿ ಬೆಳಗಿನ ಹೊತ್ತು ನಿಂತರೆ ಮಲಯಾಳ, ತುಳು, ಕನ್ನಡ, ಬ್ಯಾರಿ, ಹವ್ಯಕ ಕನ್ನಡ, ಮರಾಟಿ ಎಲ್ಲವೂ ಕಿವಿಗೆ ಬೀಳುತ್ತವೆ. ಇದೇ ಮುಳಿಯಾರು, ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಸಿಂಪಡಿಸಿದುದರಿಂದ ಬಾಧಿತವಾದ ಹನ್ನೊಂದು ಪಂಚಾಯತಿಗಳ ಪಟ್ಟಿಯಲ್ಲಿಯೂ ಇದೆ. ಭಾಷೆಯ ಅಲ್ಪಸಂಖ್ಯಾತತೆ ಮತ್ತು ದೇಹದ ಅಲ್ಪಸಂಖ್ಯಾತತೆ ಎರಡೂ ಒಂದೇ ಊರಿನಲ್ಲಿ, ಎಷ್ಟೋ ಸಲ ಒಂದೇ ಮನೆಯಲ್ಲಿ ಇರುವ ಜಾಗ ಇದು. ಇಲ್ಲಿಂದ ನೋಡಿದಾಗ ಶಾಲೆಯ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳಬೇಕಾಗುತ್ತದೆ. ನಮ್ಮ ಕಥನಗಳು ಶಾಲೆಯ ಬಾಗಿಲನ್ನು ಯಾರಿಗೆ ತೆರೆದು ತೋರಿಸಿವೆ? ಯಾರನ್ನು ಜಗಲಿಯಲ್ಲೇ ಬಿಟ್ಟಿವೆ?

ಈ ಪ್ರಶ್ನೆಯನ್ನಿಟ್ಟುಕೊಂಡು ಮೂರು ಕೃತಿಗಳನ್ನು ಜೊತೆಯಾಗಿ ಓದುವುದು ಇಲ್ಲಿನ ಉದ್ದೇಶ. ನಿರಂಜನರ ಕನ್ನಡ ಕಾದಂಬರಿ 'ಚಿರಸ್ಮರಣೆ' (1955), ಅಂಬಿಕಾಸುತನ್ ಮಾಙ್ಙಾಡ್ ಅವರ ಮಲಯಾಳ ಕಾದಂಬರಿ 'ಎಣ್ಮಕಜೆ' (2009), ರಿಷಬ್ ಶೆಟ್ಟಿ ನಿರ್ದೇಶನದ ಕನ್ನಡ ಚಲನಚಿತ್ರ 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ' (2018). ಮೂರೂ ಗಡಿಯನ್ನು ದಾಟಿದ ಕೃತಿಗಳು. ಮೊದಲನೆಯದು ಮಲಯಾಳ ಮಾತಾಡುವ ಹಳ್ಳಿಯ ಕುರಿತ ಕನ್ನಡ ಕೃತಿ; ಎರಡನೆಯದು ತುಳು ಕನ್ನಡಗಳ ಹಳ್ಳಿಯ ಕುರಿತ ಮಲಯಾಳ ಕೃತಿ; ಮೂರನೆಯದು ಕೇರಳದ ಕನ್ನಡ ಶಾಲೆಯ ಕುರಿತು ಕರ್ನಾಟಕದಲ್ಲಿ ತಯಾರಾದ ಕೃತಿ.

2

'ಚಿರಸ್ಮರಣೆ' ಪ್ರಕಟವಾದದ್ದು ರಾಜ್ಯ ಪುನರ್ವಿಂಗಡಣೆಗೆ ಒಂದು ವರ್ಷ ಮೊದಲು ಎಂಬುದು ಕೇವಲ ಕಾಕತಾಳೀಯವಾದರೂ ವಿಮರ್ಶೆಗೆ ಪ್ರಯೋಜನಕಾರಿಯಾದ ಸಂಗತಿ. ಕಯ್ಯೂರಿನ ರೈತರ ಹೋರಾಟ, 1941ರ ಮಾರ್ಚಿನ ಘಟನೆ, 1943ರ ಮಾರ್ಚ್ 29ರಂದು ಕಣ್ಣೂರು ಸೆರೆಮನೆಯಲ್ಲಿ ನಾಲ್ವರನ್ನು ಗಲ್ಲಿಗೇರಿಸಿದ್ದು ಈ ಕಾದಂಬರಿಯ ಹಿನ್ನೆಲೆ. ಸುಳ್ಯದ ಕಡೆಯ ಕುಳಕುಂದದಲ್ಲಿ ಹುಟ್ಟಿ ನೀಲೇಶ್ವರದ ಹೈಸ್ಕೂಲಿನಲ್ಲಿ ಓದಿದ ನಿರಂಜನರಿಗೆ ಕಯ್ಯೂರು ಪರರಾಜ್ಯದ ಊರಾಗಿರಲಿಲ್ಲ. ಅದು ಅವರದೇ ಜಿಲ್ಲೆಯ ಊರು.

ಈ ಕಾದಂಬರಿಯನ್ನು ವರ್ಗಸಂಘರ್ಷದ ಕಥನವಾಗಿ ಓದುವುದು ರೂಢಿ. ಆದರೆ ಅದರ ಆರಂಭ ಶಾಲೆಯ ಆವರಣದಲ್ಲಿದೆ ಎಂಬುದನ್ನು ಗಮನಿಸಬೇಕು. ಅಪ್ಪು, ಚಿರುಕಂಡ ಎಂಬ ಇಬ್ಬರು ಹುಡುಗರು ತಮ್ಮ ಮಾಸ್ತರರಿಂದ ಜಗತ್ತನ್ನು ಕಲಿಯುತ್ತಾರೆ. ಓದು ಬರಹ ಇಲ್ಲಿ ಭಡ್ತಿಯ ಸಾಧನವಲ್ಲ. ಗೇಣಿಯ ಚೀಟಿಯಲ್ಲಿ ಏನು ಬರೆದಿದೆ, ಯಾಕೆ ಹಾಗೆ ಬರೆದಿದೆ ಎಂದು ಕೇಳಬಲ್ಲ ಶಕ್ತಿ ಅದು. ಶಾಲೆಯ ಗೋಡೆಯಾಚೆಗೂ ಪಾಠ ಮುಂದುವರಿಯುತ್ತದೆ. ದೊಡ್ಡವರು ಕಲಿಯುತ್ತಾರೆ, ಕಲಿತವನು ಕಲಿಸುವವನಾಗುತ್ತಾನೆ. ಊರನ್ನು ಒಳಗೊಳ್ಳುವ ಶಿಕ್ಷಣ ಎಂಬ ಮಾತು ಸರಕಾರಿ ಕಡತಗಳಿಗೆ ಬರುವ ಎಷ್ಟೋ ಮೊದಲು ಈ ಕಾದಂಬರಿಯಲ್ಲಿ ಅದರ ಒಂದು ರೂಪವಿದೆ.

ತೌಲನಿಕ ಓದಿಗೆ ಇನ್ನೂ ಮುಖ್ಯವಾದದ್ದು ಭಾಷೆಯನ್ನು ನಿರಂಜನರು ನಿರ್ವಹಿಸಿದ ಬಗೆ. ಪಾತ್ರಗಳೆಲ್ಲ ಮಲಯಾಳದಲ್ಲಿ ಬದುಕುವವರು. ಕಾದಂಬರಿ ಅವರನ್ನು ಕನ್ನಡದಲ್ಲಿ ಮಾತನಾಡಿಸುತ್ತದೆ. ಈ ದಾಟುವಿಕೆಯನ್ನು ಕೃತಿ ಸಮಸ್ಯೆಯೆಂದು ಕಾಣುವುದಿಲ್ಲ, ಸಾಧನೆಯೆಂದು ತೋರಿಸಿಕೊಳ್ಳುವುದೂ ಇಲ್ಲ. ಮುಂದೆ ಅದು ಮಲಯಾಳಕ್ಕೆ ಅನುವಾದವಾಗಿ ಅಲ್ಲಿನ ಓದುಗರಿಗೂ ತಮ್ಮದೇ ಕೃತಿಯಾಯಿತು. ಇಲ್ಲಿ ಭಾಷೆ ಹೊಳೆಯಂತೆ: ದೋಣಿಯಿದ್ದರೆ ದಾಟಬಹುದು. ಅದು ಗೋಡೆಯಾಗಿಲ್ಲ.

ಆದರೆ ಈ ಸುಲಭತೆಗೆ ಒಂದು ಬೆಲೆಯೂ ಇದೆ. ಯಾವ ಭಾಷೆಯಲ್ಲಿ ಕಲಿಸಲಾಗುತ್ತಿದೆ ಎಂಬ ಪ್ರಶ್ನೆ ಕಾದಂಬರಿಗೆ ಬೇಕಾಗಿಲ್ಲ, ಏಕೆಂದರೆ ಕಯ್ಯೂರಿನ ಮಾಸ್ತರರೂ ಮಕ್ಕಳೂ ಒಂದೇ ಮಾತಿನವರು. ಶಾಲೆಯ ಹೊರಗೆ ಉಳಿಯುವವರು ಬಡತನದಿಂದ ಉಳಿಯುತ್ತಾರೆ. ಮಾತಿನಿಂದಾಗಲಿ ದೇಹದಿಂದಾಗಲಿ ಅಲ್ಲ. 'ಚಿರಸ್ಮರಣೆ'ಯ ಶಾಲೆ ವರ್ಗದ ಬಾಗಿಲನ್ನು ತೆರೆಯುತ್ತದೆ. ಉಳಿದ ಬಾಗಿಲುಗಳು ಅದರ ಕಣ್ಣಿಗೆ ಬಿದ್ದಿಲ್ಲ.

3

ಅರುವತ್ತಮೂರು ವರ್ಷಗಳ ಬಳಿಕ ಬಂದ ಚಲನಚಿತ್ರದಲ್ಲಿ ಹೊಳೆ ಗೋಡೆಯಾಗಿದೆ. ಕಾಸರಗೋಡಿನ ಒಂದು ಕನ್ನಡ ಶಾಲೆಗೆ ಮಲಯಾಳವಷ್ಟೇ ಬಲ್ಲ ಗಣಿತದ ಅಧ್ಯಾಪಕರು ಬರುತ್ತಾರೆ. ಮಕ್ಕಳಿಗೆ ಪಾಠ ಅರ್ಥವಾಗುವುದಿಲ್ಲ. ಅಧಿಕಾರಿಯೊಬ್ಬರು ಶಾಲೆಯನ್ನೇ ಮುಚ್ಚಿಸಲು ಹೊರಡುತ್ತಾರೆ. ಮಕ್ಕಳು ಮೈಸೂರಿಗೆ ಹೋಗಿ ಅನಂತಪದ್ಮನಾಭ ಎಂಬವರನ್ನು ಕರೆತರುತ್ತಾರೆ. ನ್ಯಾಯಾಲಯದಲ್ಲಿ ಅನಂತನಾಗ್ ಅಭಿನಯದ ದೀರ್ಘ ವಾದದೊಂದಿಗೆ ಶಾಲೆ ಉಳಿಯುತ್ತದೆ. ಅತ್ಯುತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆದ ಈ ಚಿತ್ರವನ್ನು ಕಾಸರಗೋಡಿನ ಕನ್ನಡಿಗರು ಅಭಿಮಾನದಿಂದ ನೋಡಿದರು. ನಾನೂ ಹಾಗೆಯೇ ನೋಡಿದೆ. ನಮ್ಮ ತರಗತಿ ಕೋಣೆಯ ಒಂದು ನೋವು ಬೆಂಗಳೂರಿನ ಚಿತ್ರಮಂದಿರಕ್ಕೂ ತಲುಪಿತೆಂಬುದು ಸಣ್ಣ ಸಂಗತಿಯಲ್ಲ.

ಚಿತ್ರದ ನಿಜವಾದ ಬಲ ಗಣಿತದ ತರಗತಿಯಲ್ಲಿದೆ. ಭಾಷೆ ಸಂಸ್ಕೃತಿಯ ವಿಷಯ, ಗಣಿತಕ್ಕೆ ಯಾವ ಭಾಷೆಯಾದರೇನು ಎಂಬ ವಾದವನ್ನು ನಾವು ಕಚೇರಿಗಳಲ್ಲಿ ಕೇಳಿದ್ದೇವೆ. ಕರಿಹಲಗೆಯ ಮೇಲಿನ ಅಂಕಿಗಳು ಎಲ್ಲರಿಗೂ ಒಂದೇ. ಒಂದು ಸಾಲಿನಿಂದ ಮುಂದಿನ ಸಾಲಿಗೆ ಹೇಗೆ ಬಂದೆವು ಎಂಬ ವಿವರಣೆ ಮಾತ್ರ ಭಾಷೆಯಲ್ಲಿರುತ್ತದೆ. ಆ ವಿವರಣೆ ತಪ್ಪಿದ ಮಗು ಉತ್ತರವನ್ನು ನಕಲು ಮಾಡಬಹುದು, ಲೆಕ್ಕವನ್ನು ಕಲಿಯಲಾರದು. ಶಾಲೆಗೆ ಪ್ರವೇಶ ದೊರೆತರೂ ಕಲಿಕೆಗೆ ಪ್ರವೇಶ ದೊರೆಯದಿರುವ ಸ್ಥಿತಿಯನ್ನು ಹಾಸ್ಯದ ಮೂಲಕವೇ ಚಿತ್ರ ಮನಗಾಣಿಸುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆ ಬೋಧನಾ ಮಾಧ್ಯಮವು ಸಾಧ್ಯವಾದಷ್ಟೂ ಮಗುವಿನ ಮಾತೃಭಾಷೆಯಾಗಿರಬೇಕೆಂದು ಹೇಳಿರುವುದರ ಹಿಂದೆ ಇರುವ ತಿಳಿವಳಿಕೆಯೂ ಇದೇ.

ಆದರೆ ಚಿತ್ರ ಈ ಒಳನೋಟವನ್ನು ಕೊನೆಯವರೆಗೆ ಒಯ್ಯುವುದಿಲ್ಲ. ಮೂರು ಕಡೆ ಅದು ಸುಲಭದ ದಾರಿ ಹಿಡಿಯುತ್ತದೆ.

ಮೊದಲನೆಯದು, ಖಳನ ಆಯ್ಕೆ. ಶಾಲೆ ಮುಚ್ಚುವ ಹುನ್ನಾರವನ್ನು ಒಬ್ಬ ಭ್ರಷ್ಟ ಮಲಯಾಳಿ ಅಧಿಕಾರಿಯ ದುಷ್ಟತನಕ್ಕೆ ಇಳಿಸಿದಾಗ ವ್ಯವಸ್ಥೆ ನಿರಪರಾಧಿಯಾಗಿಬಿಡುತ್ತದೆ. ವಾಸ್ತವದಲ್ಲಿ ಶಾಲೆಗಳು ಸೊರಗುವುದು ಯಾರ ದ್ವೇಷವೂ ಇಲ್ಲದೆ. ಮಕ್ಕಳ ತಲೆಯೆಣಿಕೆಯ ಮೇಲೆ ನಡೆಯುವ ಸ್ಟಾಫ್ ಫಿಕ್ಸೇಷನ್, ಕಡಿಮೆ ಮಕ್ಕಳಿರುವ ಶಾಲೆಗೆ ಅಂಟಿಸುವ 'ಅನ್‌ಇಕನಾಮಿಕ್' ಎಂಬ ಹೆಸರು, ಇಂಗ್ಲಿಷ್ ಮಾಧ್ಯಮದತ್ತ ನಮ್ಮದೇ ಮನೆಗಳಿಂದ ಹೊರಡುವ ಮಕ್ಕಳು, ಹತ್ತನೆಯವರೆಗೆ ಕನ್ನಡ ಪಠ್ಯಪುಸ್ತಕ ಓದಿದವನು ಹೈಯರ್ ಸೆಕೆಂಡರಿಯಲ್ಲಿ ಹಠಾತ್ತನೆ ಇಂಗ್ಲಿಷಿನ ಎದುರು ನಿಲ್ಲಬೇಕಾದುದು, ಇವಕ್ಕೆಲ್ಲ ಮುಖವಿಲ್ಲ. ಮುಖವಿಲ್ಲದ ಕಾರಣಕ್ಕೆ ಮುಖ ಕೊಡುವುದು ಚಿತ್ರಕಥೆಯ ಅನಿವಾರ್ಯತೆ ಎನ್ನಬಹುದು. ಆದರೆ ಕೊಟ್ಟ ಮುಖ ನೆರೆಮನೆಯವನದ್ದಾದಾಗ ಅದರ ಪರಿಣಾಮ ತೆರೆಯ ಮೇಲೆಯೇ ಮುಗಿಯುವುದಿಲ್ಲ.

ಎರಡನೆಯದು, ಉದ್ಧಾರಕನ ಆಗಮನ. ಪರಿಹಾರ ಮೈಸೂರಿನಿಂದ ಬರುತ್ತದೆ. ಕಾಸರಗೋಡಿನ ಒಳಗಿನಿಂದ ಶಾಲೆ ಕಟ್ಟಿದವರ ಪರಂಪರೆ ಚಿತ್ರದ ಶೀರ್ಷಿಕೆಯಲ್ಲಿ 'ಕೊಡುಗೆ: ರಾಮಣ್ಣ ರೈ' ಎಂದು ಉಳಿದಿದೆ, ಕಥೆಯ ನಡೆಯಲ್ಲಿ ಉಳಿದಿಲ್ಲ. ಪೆರಡಾಲದ ಶಾಲೆಯಲ್ಲಿ ದುಡಿದ ಕಯ್ಯಾರ ಕಿಞ್ಞಣ್ಣ ರೈಗಳ (1915-2015) ಬದುಕನ್ನು ನೆನೆದರೆ ಸಾಕು: ಕವಿ, ಕೃಷಿಕ, ಹೋರಾಟಗಾರ, ಎಲ್ಲಕ್ಕೂ ಮಿಗಿಲಾಗಿ ಅಧ್ಯಾಪಕ. 'ದುಡಿತವೆ ನನ್ನ ದೇವರು' ಎಂಬ ಅವರ ಆತ್ಮಕಥೆಯ ಹೆಸರೇ ಹೇಳುವಂತೆ, ಶಾಲೆಯನ್ನು ಉಳಿಸುವುದು ಒಂದು ದಿನದ ವಾದದಿಂದಲ್ಲ, ದಿನನಿತ್ಯದ ಕೆಲಸದಿಂದ. ಚಿತ್ರದ ಚಿತ್ರೀಕರಣ ನಡೆದದ್ದೂ ಗಡಿಯಾಚೆಯ ಬಂಟ್ವಾಳ ತಾಲೂಕಿನ ಕೈರಂಗಳದ ಶಾಲೆಯಲ್ಲಿ. ಇದು ದೋಷವೆಂದು ಹೇಳುತ್ತಿಲ್ಲ. ಕಾಸರಗೋಡು ಕರ್ನಾಟಕದ ಕಲ್ಪನೆಯಲ್ಲಿ ಒಂದು ಭಾವನೆಯಾಗಿ ಎಷ್ಟು ಸುಲಭವಾಗಿ ಜಾಗ ಬದಲಿಸಬಲ್ಲದು ಎಂಬುದಕ್ಕೆ ಇದೊಂದು ಸೂಚನೆ.

ಮೂರನೆಯದು ಹೆಚ್ಚು ಗಂಭೀರವಾದದ್ದು. ಚಿತ್ರಕ್ಕೆ ಕನ್ನಡವೇ ಮಕ್ಕಳ ತಾಯಿನುಡಿ. ಆದರೆ ಇಲ್ಲಿನ ಕನ್ನಡ ಮಾಧ್ಯಮದ ತರಗತಿಯಲ್ಲಿ ಕುಳಿತ ಮಗುವಿನ ಮನೆಮಾತು ತುಳುವಾಗಿರಬಹುದು, ಕೊಂಕಣಿ, ಮರಾಟಿ, ಕರಾಡ, ಬ್ಯಾರಿ ಅಥವಾ ಕೊರಗ ಭಾಷೆಯಾಗಿರಬಹುದು. ನನ್ನ ಮನೆಮಾತು ತುಳು. ಒಂದನೆಯ ತರಗತಿಯಲ್ಲಿ ಪುಸ್ತಕದ ಕನ್ನಡ ನನಗೆ ಬಂದದ್ದು ಎರಡನೆಯ ಭಾಷೆಯಾಗಿ. ಟೀಚರು ತುಳುವಿನಲ್ಲಿ ಒಮ್ಮೆ ಹೇಳಿ ಬಳಿಕ ಕನ್ನಡದಲ್ಲಿ ಹೇಳುತ್ತಿದ್ದುದರಿಂದ ಬಂತು. ಆ ಟೀಚರ ಮಾಧ್ಯಮ ಯಾವುದು? ಕಡತದಲ್ಲಿ ಕನ್ನಡ, ಕಲಿಕೆಯಲ್ಲಿ ತುಳು ಮತ್ತು ಕನ್ನಡ. ಮಲಯಾಳವಷ್ಟೇ ಬಲ್ಲ ಅಧ್ಯಾಪಕರ ಎದುರು ಕನ್ನಡದ ಮಗು ಅನುಭವಿಸುವ ಮೌನವನ್ನೇ, ತುಳುವಿನ ಒಂದು ಮಾತೂ ಆಡದ ಕನ್ನಡ ಅಧ್ಯಾಪಕರ ಎದುರು ಕೊರಗರ ಮಗು ಅನುಭವಿಸುತ್ತದೆ. ಮೊದಲನೆಯ ಮೌನಕ್ಕೆ ನಾವು ಮೆರವಣಿಗೆ ಹೋಗಿದ್ದೇವೆ. ಎರಡನೆಯದನ್ನು ಮಗುವಿನ ದಡ್ಡತನವೆಂದು ದಾಖಲಿಸಿದ್ದೇವೆ.

4

'ಎಣ್ಮಕಜೆ' ಶಾಲೆಯ ಕಾದಂಬರಿಯಲ್ಲ. ಇಲ್ಲಿನ ಚರ್ಚೆಗೆ ಅದನ್ನು ತರುವ ಕಾರಣವೂ ಅದೇ.

ಕೇರಳದ ತೋಟಗಾರಿಕಾ ನಿಗಮದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುವುದು 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ನಡೆಯಿತು. ಪಡ್ರೆಯ ಪತ್ರಕರ್ತ ಶ್ರೀಪಡ್ರೆ, ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನಕುಮಾರ್, 1998ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ ಲೀಲಾಕುಮಾರಿ ಅಮ್ಮ ಮೊದಲಾದವರ ಪ್ರಯತ್ನದಿಂದ ಈ ವಿಷಯ ಹೊರಜಗತ್ತಿಗೆ ತಿಳಿಯಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ಎಂಡೋಸಲ್ಫಾನನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ನೀಡುವಂತೆ ಆದೇಶಿಸಿತು. ಕಾಞಂಗಾಡಿನಲ್ಲಿ ಮಲಯಾಳ ಅಧ್ಯಾಪಕರಾಗಿದ್ದ ಮಾಙ್ಙಾಡ್ ಅವರ ಕಾದಂಬರಿ ಈ ದುರಂತವನ್ನು ಇಡೀ ಕೇರಳದ ಓದುಗರ ಮುಂದಿಟ್ಟಿತು. 2017ರಲ್ಲಿ ಜೆ. ದೇವಿಕಾ ಅದನ್ನು 'ಸ್ವರ್ಗ' ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ತಂದರು.

ಊರಿನಿಂದ ದೂರ, ಗುಡ್ಡದ ಮೇಲೆ ಬದುಕುವ ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸಿನ ಮನೆಗೆ ಮೈತುಂಬ ಹುಣ್ಣಾದ ಮಗುವೊಂದು ಬರುತ್ತದೆ. ಆ ಮಗುವಿಗೆ ಪರೀಕ್ಷಿತ ಎಂಬ ಹೆಸರು. ಗರ್ಭದಲ್ಲಿರುವಾಗಲೇ ಅಸ್ತ್ರದ ಆಘಾತಕ್ಕೆ ಒಳಗಾದವನ ಹೆಸರದು. ಪುರಾಣವನ್ನು ಹೀಗೆ ತೋಟದ ವಿಷದೊಂದಿಗೆ ಜೋಡಿಸುವುದು ಕಾದಂಬರಿಕಾರರ ಸಾರ್ಥಕ ಕಲ್ಪನೆ. ಭಾಷಾ ಗಡಿಯ ದೃಷ್ಟಿಯಿಂದಲೂ ಕೃತಿ ಉದಾರವಾಗಿದೆ: ತುಳುನಾಡಿನ ದೈವಗಳನ್ನು, ಐತಿಹ್ಯಗಳನ್ನು, ಊರ ಹೆಸರುಗಳನ್ನು ಅದು ಪರಕೀಯವೆಂದು ಕಾಣುವುದಿಲ್ಲ. ನಿರಂಜನರು ಕಯ್ಯೂರಿಗೆ ಮಾಡಿದ್ದನ್ನು ಮಾಙ್ಙಾಡ್ ಎಣ್ಮಕಜೆಗೆ ಮಾಡಿದರು ಎಂದರೆ ತಪ್ಪಾಗದು.

ಆದರೆ ಪರೀಕ್ಷಿತನಂಥ ಮಗು ಸಾಕ್ಷಿಯಾಗಿ, ಸಂಕೇತವಾಗಿ ಉಳಿಯುತ್ತದೆ. ಓದುಗನ ಅಂತಃಕರಣವನ್ನು ಕಲಕುವುದು ಆ ಮಗುವಿಗೆ ಕೃತಿ ಒಪ್ಪಿಸಿದ ಕೆಲಸ. ಪ್ರತಿಭಟನೆಯ ಸಾಹಿತ್ಯಕ್ಕೆ ಇಂಥ ಮಗು ಬೇಕು. ನ್ಯಾಯ ಕೇಳಲು ಗಾಯವನ್ನು ತೋರಿಸಬೇಕಾಗುತ್ತದೆ. ಆದರೂ ಗಾಯ ಮಾತ್ರ ಕಂಡಾಗ ಮಗುವಿನ ನಾಳೆ ಕಾಣುವುದಿಲ್ಲ. ಎಂಡೋಸಲ್ಫಾನಿನ ಛಾಯಾಚಿತ್ರಗಳಿಗೂ ಬಹಳಷ್ಟು ಬರವಣಿಗೆಗೂ ಈ ಮಾತು ಅನ್ವಯಿಸುತ್ತದೆ. ಆ ಮಕ್ಕಳು ಸತ್ತದ್ದನ್ನು, ಸಂಕಟಪಟ್ಟದ್ದನ್ನು ನಾವು ಓದಿದ್ದೇವೆ. ಅವರಲ್ಲಿ ಬದುಕಿ ಬೆಳೆದವರು ಏನನ್ನು ಕಲಿತರು, ಯಾರಿಂದ ಕಲಿತರು, ಯಾವ ಮಾತಿನಲ್ಲಿ ಕಲಿತರು ಎಂಬುದನ್ನು ಓದಿಲ್ಲ.

ವಾಸ್ತವದಲ್ಲಿ ಕಲಿಕೆ ನಡೆದಿದೆ. ಕುಟುಂಬಶ್ರೀಯ ಸಹಯೋಗದಲ್ಲಿ ಸ್ಥಳೀಯ ಸಂಸ್ಥೆಗಳು ನಡೆಸುವ ಬಡ್ಸ್ ಶಾಲೆಗಳು ಬಾಧಿತ ಪಂಚಾಯತಿಗಳಲ್ಲಿವೆ, ಮುಳಿಯಾರಿನಲ್ಲಿಯೂ ಇದೆ. ಬೌದ್ಧಿಕ ಭಿನ್ನಸಾಮರ್ಥ್ಯದ ಮಕ್ಕಳು ಅಲ್ಲಿ ಚಮಚ ಹಿಡಿಯುವುದರಿಂದ ಹಿಡಿದು ಹೆಸರು ಹೇಳುವವರೆಗೆ ಕಲಿಯುತ್ತಾರೆ. ಬೇರೆ ಶಾಲೆಯಲ್ಲಿ ವಾರದ ಪಾಠವಾಗುವುದು ಅಲ್ಲಿ ವರ್ಷದ ಸಾಧನೆಯಾಗಬಹುದು. ಭಿನ್ನಸಾಮರ್ಥ್ಯದವರ ಹಕ್ಕುಗಳ 2016ರ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಂಥ ಮಕ್ಕಳು ಉಳಿದ ಮಕ್ಕಳೊಂದಿಗೇ ಕಲಿಯುವಂತೆ ಶಾಲೆಯೇ ಬದಲಾಗಬೇಕೆಂದು ಹೇಳುತ್ತದೆ. ಈಗ ಭಾಷೆಯ ಪ್ರಶ್ನೆಯನ್ನು ಇಲ್ಲಿಗೆ ತರೋಣ. ಮಾತು ತಡವಾಗಿ ಬರುವ ಮಗುವಿಗೆ ಮಾತು ಕಲಿಸುವವರು ಯಾವ ಭಾಷೆಯಲ್ಲಿ ಕಲಿಸಬೇಕು? ಮನೆಯಲ್ಲಿ ತುಳು, ಪಕ್ಕದ ಶಾಲೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ಮಲಯಾಳ ಕೇಳುವ ಮಗುವಿಗೆ ನೀರು ಎಂಬುದಕ್ಕೆ ಮೊದಲು ಕಲಿಸಬೇಕಾದ ಪದ ಯಾವುದು? ಅಮ್ಮನಿಗೆ ಅರ್ಥವಾಗದ ಪದವನ್ನು ಕಲಿತ ಮಗು ಮನೆಯಲ್ಲಿ ಮತ್ತೆ ಮೂಕವಾಗುತ್ತದೆ. ಭಾಷಾ ಅಲ್ಪಸಂಖ್ಯಾತರ ಹಕ್ಕಿನ ಪ್ರಶ್ನೆ ಇದಕ್ಕಿಂತ ತೀಕ್ಷ್ಣವಾಗಿ ಬೇರೆಲ್ಲೂ ಏಳುವುದಿಲ್ಲ. ಹೀಗಿದ್ದೂ ಕನ್ನಡ ಶಾಲೆಯ ನಮ್ಮ ಚರ್ಚೆ ಮತ್ತು ಎಂಡೋಸಲ್ಫಾನಿನ ನಮ್ಮ ಚರ್ಚೆ ಎರಡು ಬೇರೆ ಸಭೆಗಳಲ್ಲಿ ನಡೆಯುತ್ತವೆ.

5

ನಾನು ಕಲಿತ ಶಾಲೆಗೆ ಹೋಗುವ ದಾರಿಯಲ್ಲಿ ಸಹಪಾಠಿಯೊಬ್ಬನ ಮನೆಯಿತ್ತು. ಅವನ ಅಣ್ಣ ದಿನವೂ ಜಗಲಿಯ ಕಂಬಕ್ಕೊರಗಿ ಕುಳಿತಿರುತ್ತಿದ್ದ. ನಮ್ಮನ್ನು ಕಂಡಾಗ ಒಂದು ಸದ್ದು ಮಾಡುತ್ತಿದ್ದ. ಅದು ಕರೆಯೆಂದು ತಮ್ಮನಿಗೆ ಮಾತ್ರ ತಿಳಿಯುತ್ತಿತ್ತು. ನಮ್ಮ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಕಡಿಮೆಯಾಗಿ ಒಂದು ಹುದ್ದೆ ಹೋಗುವ ಭಯವಿದ್ದ ವರ್ಷ, ಅಧ್ಯಾಪಕರು ಮನೆ ಮನೆಗೆ ಹೋಗಿ ಮಕ್ಕಳನ್ನು ಹುಡುಕಿದರು. ಆ ಮನೆಗೂ ಬಂದರು, ಜಗಲಿಯಲ್ಲೇ ಕುಳಿತು ಚಹಾ ಕುಡಿದರು, ಮನೆಯಲ್ಲಿ ಶಾಲೆಗೆ ಸೇರಿಸುವ ಮಕ್ಕಳಿದ್ದಾರೆಯೇ ಎಂದು ಕೇಳಿದರು. ಇಲ್ಲ ಎಂದು ತಾಯಿ ಹೇಳಿದರು. ಅವರು ಸುಳ್ಳು ಹೇಳಿರಲಿಲ್ಲ, ಕೇಳಿದವರೂ ಕೆಟ್ಟವರಾಗಿರಲಿಲ್ಲ. ಒಂದು ಹೆಸರಿಗಾಗಿ ಊರೆಲ್ಲ ಅಲೆದವರ ಎದುರಿಗೇ ಒಂದು ಮಗು ಕುಳಿತಿತ್ತು, ಯಾರ ಲೆಕ್ಕಕ್ಕೂ ಬರಲಿಲ್ಲ.

ಈ ನೆನಪನ್ನು ಇಲ್ಲಿ ಬರೆದದ್ದು ಯಾರನ್ನೂ ದೂಷಿಸಲು ಅಲ್ಲ. ಮೇಲೆ ಓದಿದ ಮೂರು ಕೃತಿಗಳಲ್ಲಿ ಯಾವುದಕ್ಕೂ ಆ ಜಗಲಿಯ ದೃಶ್ಯ ಸಿಗುವುದಿಲ್ಲ ಎಂಬುದನ್ನು ಸ್ಪಷ್ಟಪಡಿಸಲು. 'ಚಿರಸ್ಮರಣೆ'ಯ ಮಾಸ್ತರರು ಆ ಮನೆಗೆ ಬಂದಿದ್ದರೆ ಗೇಣಿಯ ಬಗ್ಗೆ ಕೇಳುತ್ತಿದ್ದರು. ಚಲನಚಿತ್ರದ ಮಕ್ಕಳು ಕನ್ನಡದ ಬಗ್ಗೆ ಕೇಳುತ್ತಿದ್ದರು. 'ಎಣ್ಮಕಜೆ'ಯ ಹೋರಾಟಗಾರರು ಕಾಯಿಲೆಯ ಬಗ್ಗೆ ಕೇಳುತ್ತಿದ್ದರು. ಇವನು ಏನನ್ನು ಕಲಿಯಬಲ್ಲ ಎಂದು ಕೇಳುವ ಪಾತ್ರವನ್ನು ನಮ್ಮ ಸಾಹಿತ್ಯ ಇನ್ನೂ ಸೃಷ್ಟಿಸಬೇಕಾಗಿದೆ.

ಇದಕ್ಕೆ ಬರಬಹುದಾದ ಆಕ್ಷೇಪ ನನಗೆ ತಿಳಿದಿದೆ. ಮಲಯಾಳ ಕಡ್ಡಾಯಗೊಳಿಸುವ 2017ರ ಕಾನೂನಿನ ನೆರಳಿನಲ್ಲಿ, ಇರುವ ಹುದ್ದೆಗಳನ್ನೇ ಉಳಿಸಿಕೊಳ್ಳಲು ಹೆಣಗುತ್ತಿರುವ ಸಮುದಾಯಕ್ಕೆ ಇಂಥ ಆತ್ಮವಿಮರ್ಶೆ ದುಬಾರಿಯಲ್ಲವೇ? ತುಳುವಿನ ಪ್ರಶ್ನೆ ಎತ್ತಿದರೆ ಕನ್ನಡದ ಸಂಖ್ಯೆ ಒಡೆಯುವುದಿಲ್ಲವೇ? ಈ ಭಯವನ್ನು ಹಗುರವಾಗಿ ಕಾಣಲಾರೆ. ಸಂಖ್ಯೆಯ ರಾಜಕಾರಣದಲ್ಲಿ ಸಿಕ್ಕಿಬಿದ್ದವರಿಗೆ ಪ್ರತಿಯೊಂದು ಸೂಕ್ಷ್ಮತೆಯೂ ಒಂದು ನಷ್ಟವಾಗಿ ಕಾಣುವುದು ಸಹಜ. ಆದರೆ ನಾವು ಆಧಾರವಾಗಿ ಹಿಡಿದಿರುವ ಸಂವಿಧಾನದ 350ಎ ವಿಧಿಯನ್ನೇ ಇನ್ನೊಮ್ಮೆ ಓದಬೇಕು. 1956ರಲ್ಲಿ, ರಾಜ್ಯಗಳ ಪುನರ್ವಿಂಗಡಣೆಯ ಜೊತೆಗೇ ಸೇರಿಸಲಾದ ಆ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಕಲ್ಪಿಸಬೇಕೆನ್ನುವುದು ಭಾಷೆಗಲ್ಲ, ಭಾಷಾ ಅಲ್ಪಸಂಖ್ಯಾತ ವರ್ಗಗಳಿಗೆ ಸೇರಿದ ಮಕ್ಕಳಿಗೆ. ಹಕ್ಕು ಮಗುವಿನದ್ದು. ಕನ್ನಡದ ಹಕ್ಕು ಆ ಮಗುವಿನ ಮೂಲಕ ನಮಗೆ ಬರುತ್ತದೆ. ಹಾಗಿರುವಾಗ ಕೊರಗರ ಮಗುವಿನ ಮೌನವನ್ನೂ ಜಗಲಿಯ ಮಗುವಿನ ಸದ್ದನ್ನೂ ಕೇಳದ ಕನ್ನಡ ಶಾಲೆ ತನ್ನ ಹಕ್ಕಿನ ಬುಡವನ್ನೇ ಸಡಿಲಿಸಿಕೊಳ್ಳುತ್ತದೆ. ಎಲ್ಲ ಮಕ್ಕಳ ಶಾಲೆಯೆಂದು ಹೇಳಿಕೊಳ್ಳಬಲ್ಲ ಕನ್ನಡ ಶಾಲೆಯ ಬೇಡಿಕೆಯನ್ನು ತಳ್ಳಿಹಾಕುವುದು ಯಾವ ಅಧಿಕಾರಿಗೂ ಸುಲಭವಲ್ಲ.

ಎರಡು ಭಾಷೆಗಳಲ್ಲಿ ಓದಿ ಬರೆಯುವ ನಮ್ಮಂಥವರು ಇಲ್ಲಿ ಮಾಡಬಹುದಾದ ಕೆಲಸವಿದೆ. ಕನ್ನಡ ಮಾಧ್ಯಮದ ತರಗತಿಗಳಲ್ಲಿ ಮಕ್ಕಳ ಮನೆಮಾತುಗಳು ಯಾವುವು ಎಂಬುದನ್ನು ಶಾಲೆಯಿಂದ ಶಾಲೆಗೆ ದಾಖಲಿಸಬಹುದು. ತುಳು ಮತ್ತು ಕನ್ನಡಗಳ ನಡುವೆ ಅನಾಮಿಕ ಅಧ್ಯಾಪಕಿಯರು ತರಗತಿಯಲ್ಲಿ ನಡೆಸಿದ ಅನುವಾದವನ್ನು, ಅದು ಬೋಧನಾಶಾಸ್ತ್ರವೆಂದು ಗುರುತಿಸಿ, ಬರೆದಿಡಬಹುದು. ಬಡ್ಸ್ ಶಾಲೆಯ ಟೀಚರಿಗೆ ಬೇಕಾಗುವ ನೂರು ಪದಗಳನ್ನು ಇಲ್ಲಿನ ಮನೆಗಳ ಎಲ್ಲ ಮಾತುಗಳಲ್ಲಿ ಸಂಗ್ರಹಿಸಿ ಕೊಡಬಹುದು. ನಮ್ಮ ನಿಘಂಟು ಕಾರ್ಯಗಳ ನಡುವೆ ಅದು ಸಣ್ಣದು, ಉಪಯೋಗದಲ್ಲಿ ಸಣ್ಣದಲ್ಲ. ವಿಮರ್ಶಕರಾಗಿ, ಮುಂದಿನ ಶಾಲೆಯ ಕಾದಂಬರಿಯನ್ನೋ ಚಿತ್ರವನ್ನೋ ಎದುರುಗೊಂಡಾಗ ಅದು ಕನ್ನಡದ ಪರವಾಗಿದೆಯೇ ಎಂದು ಕೇಳುವ ಮೊದಲು ಅದರ ತರಗತಿಯಲ್ಲಿ ಯಾರಿಗೆ ಬೆಂಚು ಹಾಕಿದ್ದಾರೆ ಎಂದು ಕೇಳಬಹುದು.

ಬೋವಿಕಾನದ ಬಸ್ ತಂಗುದಾಣದಲ್ಲಿ ಬೆಳಗ್ಗೆ ಒಂಬತ್ತರ ಹೊತ್ತಿಗೆ ಬೇರೆ ಬೇರೆ ಸಮವಸ್ತ್ರದ ಮಕ್ಕಳು ನಿಂತಿರುತ್ತಾರೆ. ಕನ್ನಡ ಮಾಧ್ಯಮದವರು, ಮಲಯಾಳ ಮಾಧ್ಯಮದವರು, ಇಂಗ್ಲಿಷ್ ಮಾಧ್ಯಮದವರು ಒಂದೇ ಬಸ್ಸಿಗೆ ಹತ್ತುತ್ತಾರೆ, ಬಸ್ಸಿನೊಳಗೆ ತಮ್ಮದೇ ಒಂದು ಬೆರಕೆ ಮಾತಿನಲ್ಲಿ ಜಗಳವಾಡುತ್ತಾರೆ. ಆ ಬಸ್ಸಿನಲ್ಲಿ ಅರ್ಧಗಂಟೆ ಸಾಧ್ಯವಾಗುವುದು ಶಾಲೆಯಲ್ಲಿ ಐದು ಗಂಟೆ ಏಕೆ ಸಾಧ್ಯವಾಗುವುದಿಲ್ಲ ಎಂಬುದು ನಮ್ಮ ಮುಂದಿನ ಸಂಶೋಧನೆಯ ಪ್ರಶ್ನೆಯಾಗಲಿ. ಆ ಬಸ್ಸಿಗೂ ಬಾರದೆ ಉಳಿದವರ ಮನೆಯ ದಾರಿ ನಮಗೆ ಗೊತ್ತಿದೆ. ಅಲ್ಲಿಗೆ ಹೋಗಿ ಕೇಳುವಾಗ ಈ ಸಲ ಪ್ರಶ್ನೆಯನ್ನು ಬದಲಿಸಿ ಕೇಳಬೇಕು.